ಹೈಡ್ ಪಾರ್ಕಿನ ಮಾತಿನ ಮೂಲೆ

ಲಂಡನ್ ನಗರವನ್ನು ನೋಡಲು ಹೋದವರು ತಪ್ಪದೆ ನೋಡಿಬರುವ ಸ್ಥಳಗಳು ಹಲವಾರಿವೆ. ಪಾರ್ಲಿಮೆಂಟಿನ ಗಡಿಯಾರದ ಗೋಪುರ, ಅರಮನೆಯ ಮುಂದೆ ನಡೆಯುವ ಕಾವಲುಗಾರರ ಬದಲಾವಣೆ, ಬ್ರಿಟಿಷ್ ವಸ್ತುಸಂಗ್ರಹಾಲಯ, ಕೊಹಿನೂರ್ ವಜ್ರವನ್ನಿರಿಸಿರುವ ಹಳೆಯ ಕೋಟೆ, ಇವೆಲ್ಲವೂ ಕಣ್ಣಿಗೆ ಹಬ್ಬ. ಆದರೆ ಕಿವಿಗೆ ಹಬ್ಬವಾಗುವ ಸ್ಥಳವೊಂದು ಆ ನಗರದಲ್ಲಿದೆ. ಅದಕ್ಕೆ ಪ್ರವೇಶಧನವಿಲ್ಲ, ಛಾವಣಿಯಿಲ್ಲ, ಆಸನಗಳಿಲ್ಲ. ಅಲ್ಲಿ ಭಾಷಣ ಮಾಡುವವನಿಗೆ ಯಾರೂ ಆಹ್ವಾನಪತ್ರ ಕಳುಹಿಸಿರುವುದಿಲ್ಲ. ಹಾರ ಹಾಕುವವರೂ ಇಲ್ಲ, ವಂದನಾರ್ಪಣೆ ಮಾಡುವವರೂ ಇಲ್ಲ. ಹೇಳಬೇಕಾದುದೊಂದು ಇದ್ದರೆ ಸಾಕು, ಯಾರು ಬೇಕಾದರೂ ನಿಂತು ಹೇಳಬಹುದು. ಹೈಡ್ ಪಾರ್ಕ್ ಎಂಬ ಉದ್ಯಾನದ ಈಶಾನ್ಯ ದಿಕ್ಕಿನಲ್ಲಿರುವ ಈ ಪುಟ್ಟ ಪ್ರದೇಶವನ್ನು ಅಲ್ಲಿಯವರು ‘ಸ್ಪೀಕರ್ಸ್ ಕಾರ್ನರ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಅದನ್ನು ಮಾತಿನ ಮೂಲೆ ಎನ್ನಬಹುದು.

ಭೂಗತ ರೈಲಿನ ಸೆಂಟ್ರಲ್ ಮಾರ್ಗದಲ್ಲಿ ಪಯಣಿಸಿ ‘ಮಾರ್ಬಲ್ ಆರ್ಚ್’ ಎಂಬ ನಿಲ್ದಾಣದಲ್ಲಿಳಿದು ಮೆಟ್ಟಿಲೇರಿ ಬಂದರೆ ಒಂದು ಪಕ್ಕದಲ್ಲಿ ಅಂಗಡಿಗಳ ಸಾಲಿನಿಂದ ಪ್ರಸಿದ್ಧವಾದ ಆಕ್ಸ್‌ಫರ್ಡ್ ಬೀದಿ, ಇನ್ನೊಂದು ಪಕ್ಕದಲ್ಲಿ ಸಿರಿವಂತರ ಹೋಟೆಲುಗಳಿರುವ ಪಾರ್ಕ್ ಲೇನ್. ಇವೆರಡೂ ಕೂಡುವಲ್ಲಿ ಬಿಳಿಯ ಅಮೃತಶಿಲೆಯ ಕಮಾನೊಂದು ವಾಹನಗಳ ನಡುವೆ ಒಂಟಿಯಾಗಿ ನಿಂತಿದೆ. ಜಾನ್ ನ್ಯಾಶ್ ಎಂಬ ವಾಸ್ತುಶಿಲ್ಪಿ 1827ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಗೆ ಹೆಬ್ಬಾಗಿಲಾಗಲೆಂದು ರೂಪಿಸಿದ ಈ ಕಮಾನನ್ನು 1851ರಲ್ಲಿ ಕಿತ್ತು ತಂದು ಇಲ್ಲಿ ನಿಲ್ಲಿಸಿದರು. ಅದರೊಳಗಿನ ಚಿಕ್ಕ ಕೋಣೆಗಳಲ್ಲಿ ಬಹುಕಾಲ ಪೊಲೀಸ್ ಠಾಣೆಯೊಂದಿತ್ತು. ಉದ್ಯಾನದಲ್ಲಿ ಏನು ನಡೆಯುವುದೆಂದು ನೋಡುತ್ತಿರಲು ಅದು ಒಳ್ಳೆಯ ಜಾಗವೇ ಆಗಿತ್ತು.

ಹೈಡ್ ಪಾರ್ಕಿನ ವಿಸ್ತೀರ್ಣ ಸುಮಾರು 350 ಎಕರೆ. ವೆಸ್ಟ್‌ಮಿನ್‌ಸ್ಟರಿನ ಮಠಕ್ಕೆ ಸೇರಿದ್ದ ಈ ನೆಲವನ್ನು 1536ರಲ್ಲಿ ಎಂಟನೆಯ ಹೆನ್ರಿ ದೊರೆ ತನ್ನ ಬೇಟೆಗಾಗಿ ವಶಪಡಿಸಿಕೊಂಡನು. ಸುಮಾರು ನೂರು ವರ್ಷಗಳ ಬಳಿಕ, 1637ರಲ್ಲಿ, ಒಂದನೆಯ ಚಾರ್ಲ್ಸ್ ದೊರೆ ಅದನ್ನು ಪ್ರಜೆಗಳಿಗೆ ತೆರೆದನು. ಸರ್ಪೆಂಟೈನ್ ಎಂಬ ಬಳುಕುವ ಸರೋವರ, ಹಂಸಗಳು, ದೋಣಿವಿಹಾರ, ಹುಲ್ಲಿನ ಮೇಲೆ ಆಡುವ ಮಕ್ಕಳು, ಇವೆಲ್ಲ ಉದ್ಯಾನದ ಒಳಭಾಗದಲ್ಲಿ ಸಿಗುತ್ತವೆ. ಕುಟುಂಬಸಮೇತ ಹೋದವರು ಅಲ್ಲಿ ಅರ್ಧ ದಿನವನ್ನು ಸುಖವಾಗಿ ಕಳೆಯಬಹುದು. ಆದರೆ ಭಾನುವಾರ ಮಧ್ಯಾಹ್ನ ಬಂದ ಪ್ರವಾಸಿಗೆ ಒಳಗೆ ಹೋಗುವ ಮೊದಲೇ ಕಾಲು ನಿಲ್ಲುತ್ತದೆ.

ಏಣಿಯ ಮೇಲಿನ ಸಭಾಪತಿಗಳು

ಉದ್ಯಾನದ ಅಂಚಿನಲ್ಲಿ, ಅಗಲವಾದ ಕಾಲುಹಾದಿಯ ಮೇಲೆ, ಹತ್ತು ಹದಿನೈದು ಹೆಜ್ಜೆಗಳಿಗೊಂದರಂತೆ ಜನರ ಗುಂಪುಗಳು. ಪ್ರತಿಯೊಂದು ಗುಂಪಿನ ನಡುವೆಯೂ ಉಳಿದವರಿಗಿಂತ ಎರಡು ಮೂರು ಅಡಿ ಎತ್ತರದಲ್ಲಿ ಒಬ್ಬ ವ್ಯಕ್ತಿ. ಹಿಂದಿನ ಕಾಲದವರು ಸಾಬೂನು ತುಂಬಿ ಬರುತ್ತಿದ್ದ ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮೇಲೆ ನಿಲ್ಲುತ್ತಿದ್ದರು. ಈಗಿನವರು ಮನೆಯಲ್ಲಿ ದೀಪ ಬದಲಾಯಿಸಲು ಬಳಸುವಂಥ ಮಡಚುವ ಏಣಿಯನ್ನು ಕಂಕುಳಲ್ಲಿ ಇರಿಸಿಕೊಂಡು ಬರುತ್ತಾರೆ. ಒಬ್ಬನು ಏಸುವಿನ ಹೆಸರಿನಲ್ಲಿ ಪಶ್ಚಾತ್ತಾಪಕ್ಕೆ ಕರೆಯುತ್ತಿದ್ದರೆ, ಪಕ್ಕದಲ್ಲಿ ಇನ್ನೊಬ್ಬನು ದೇವರೇ ಇಲ್ಲವೆಂದು ಸಾಧಿಸುತ್ತಿರುತ್ತಾನೆ. ಇಸ್ಲಾಮಿನ ಪ್ರಚಾರಕ, ಸಮಾಜವಾದಿ, ಮಾಂಸಾಹಾರದ ವಿರೋಧಿ, ಯಾವ ಪಕ್ಷಕ್ಕೂ ಸೇರದ ವಿಚಿತ್ರ ಸಿದ್ಧಾಂತಿ, ಎಲ್ಲರಿಗೂ ಅಲ್ಲಿ ಸ್ಥಳವುಂಟು. ನಮ್ಮ ಜಾತ್ರೆಗಳಲ್ಲಿ ಬಳೆ, ಬೆಂಡು ಬತ್ತಾಸುಗಳ ಅಂಗಡಿಗಳು ಸಾಲಾಗಿ ಕುಳಿತಂತೆ ಅಲ್ಲಿ ಅಭಿಪ್ರಾಯಗಳ ಅಂಗಡಿಗಳು ಸಾಲಾಗಿ ನಿಂತಿರುತ್ತವೆ. ಕೊಳ್ಳಲೇಬೇಕೆಂಬ ನಿರ್ಬಂಧವಿಲ್ಲ, ಹಿಡಿಸದಿದ್ದರೆ ಮುಂದಿನ ಗುಂಪಿಗೆ ಹೋದರಾಯಿತು.

ಈ ಸಭೆಗಳ ಜೀವಾಳವೆಲ್ಲ ಕೇಳುಗರಲ್ಲಿದೆ. ಸಾಮಾನ್ಯ ಸಭೆಗಳಲ್ಲಿ ಶ್ರೋತೃಗಳ ಧರ್ಮವೆಂದರೆ ಸುಮ್ಮನೆ ಕುಳಿತು ಕಡೆಯಲ್ಲಿ ಚಪ್ಪಾಳೆ ತಟ್ಟುವುದು. ಇಲ್ಲಿ ಹಾಗಲ್ಲ. ಭಾಷಣಕಾರನು ಬಾಯಿ ತೆರೆದೊಡನೆ ಅಡ್ಡಮಾತು ಹಾಕುವವರು ಸಿದ್ಧರಾಗುತ್ತಾರೆ. ಪ್ರಪಂಚದ ಅಂತ್ಯ ಇನ್ನೇನು ಸಮೀಪಿಸಿತೆಂದು ಒಬ್ಬನು ಗಂಭೀರವಾಗಿ ಸಾರಿದರೆ, ‘ಹಾಗಿದ್ದರೆ ಮುಂದಿನ ಭಾನುವಾರ ನಾವು ಬರುವುದು ಬೇಡವೇ?’ ಎಂಬ ಪ್ರಶ್ನೆ ಗುಂಪಿನ ಹಿಂದಿನಿಂದ ತೂರಿಬರುತ್ತದೆ. ಜನ ನಗುತ್ತಾರೆ. ಆ ನಗುವಿನ ಅಲೆ ಇಳಿಯುವವರೆಗೆ ಕಾದು, ತಕ್ಕ ಉತ್ತರ ಕೊಟ್ಟು, ಮುರಿದ ವಾಕ್ಯವನ್ನು ಮುರಿದ ಕಡೆಯಿಂದಲೇ ಎತ್ತಿಕೊಂಡು ಹೋಗಬಲ್ಲವನೇ ಅಲ್ಲಿ ನಿಲ್ಲಬಲ್ಲನು. ಸಿಟ್ಟಾದವನು ಸೋತನು. ಕೆಲವು ಅಡ್ಡಮಾತಿನವರು ಪ್ರತಿ ವಾರವೂ ಬರುತ್ತಾರೆ. ಅವರಿಗೆ ಭಾಷಣಕಾರರ ವಾದವೆಲ್ಲ ಕಂಠಪಾಠವಾಗಿರುತ್ತದೆ. ಹೀಗೆ ಒಬ್ಬರನ್ನೊಬ್ಬರು ಖಂಡಿಸುತ್ತಲೇ ಮುದುಕರಾದ ಸ್ನೇಹಿತರೂ ಅಲ್ಲಿ ಉಂಟು.

ಆ ಮೂಲೆಯ ಹಿರಿಯ ಭಾಷಣಕಾರರಲ್ಲಿ ಮೆಥಡಿಸ್ಟ್ ಪಂಥದ ಪಾದ್ರಿ ಡೊನಾಲ್ಡ್ ಸೋಪರರ ಹೆಸರನ್ನು ಮರೆಯುವಂತಿಲ್ಲ. ಯುದ್ಧವಿರೋಧಿಯೂ ಸಮಾಜವಾದಿಯೂ ಆಗಿದ್ದ ಅವರು ದಶಕಗಳ ಕಾಲ ಅಲ್ಲಿ ನಿಂತು ಮಾತನಾಡಿದರು. 1965ರಲ್ಲಿ ಲಾರ್ಡ್ ಪದವಿ ದೊರೆತು ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಮೆತ್ತನೆಯ ಆಸನ ಸಿಕ್ಕಿದ ಮೇಲೂ ಭಾನುವಾರದ ಗಾಳಿಮಳೆಯ ಸಭೆಯನ್ನು ಅವರು ಬಿಡಲಿಲ್ಲ. 1998ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಇವರಲ್ಲದೆ ಜಮೈಕದ ಕರಿಯ ಜನಾಂಗದ ನಾಯಕ ಮಾರ್ಕಸ್ ಗಾರ್ವೆ ತಮ್ಮ ಬಾಳಿನ ಕೊನೆಯ ವರ್ಷಗಳಲ್ಲಿ ಇಲ್ಲಿ ಭಾಷಣ ಮಾಡಿದರು. ಯಾವ ಸಾಮ್ರಾಜ್ಯದ ವಿರುದ್ಧ ಅವರು ಮಾತನಾಡಿದರೋ ಆ ಸಾಮ್ರಾಜ್ಯದ ರಾಜಧಾನಿಯಲ್ಲಿಯೇ ಅವರಿಗೆ ನಿಲ್ಲಲು ಒಂದು ಗೇಣು ನೆಲ ಸಿಕ್ಕಿತ್ತು.

ಇಲ್ಲಿ ಏನು ಬೇಕಾದರೂ ಹೇಳಬಹುದೆಂಬ ನಂಬಿಕೆ ಹೊರಗಿನವರಲ್ಲಿ ಪ್ರಚಲಿತವಾಗಿದೆ. ಅದು ಪೂರ್ತಿ ನಿಜವಲ್ಲ. ಆ ದೇಶದ ಕಾನೂನು ಉದ್ಯಾನದ ಬೇಲಿಯ ಹೊರಗೆ ಹೇಗೋ ಒಳಗೂ ಹಾಗೆಯೇ. ಹಿಂಸೆಗೆ ಪ್ರಚೋದಿಸಿದವನನ್ನು ಪೊಲೀಸರು ಏಣಿಯಿಂದ ಇಳಿಸಬಲ್ಲರು. ಅನುಮತಿಯಿಲ್ಲದೆ ಧ್ವನಿವರ್ಧಕ ಬಳಸುವಂತಿಲ್ಲ. ಆದ್ದರಿಂದ ಅಲ್ಲಿ ಬಡವನಿಗೂ ಬಲ್ಲಿದನಿಗೂ ದೇವರು ಕೊಟ್ಟ ಗಂಟಲೊಂದೇ ಸಾಧನ.

ಗಲ್ಲುಮರದ ನೆರಳು

ಈ ಮೂಲೆಗೆ ಮಾತಿನ ನಂಟು ಬಂದುದು ಹೇಗೆಂದು ತಿಳಿಯಬೇಕಾದರೆ ಕಮಾನನ್ನು ದಾಟಿ ಕೆಲವೇ ಹೆಜ್ಜೆ ಆಚೆಗೆ ನಡೆಯಬೇಕು. ಎಡ್ಜ್‌ವೇರ್ ರಸ್ತೆಯೂ ಬೇಸ್‌ವಾಟರ್ ರಸ್ತೆಯೂ ಕೂಡುವೆಡೆಯಲ್ಲಿ, ವಾಹನಗಳ ಪ್ರವಾಹದ ನಡುವಿನ ಪುಟ್ಟ ಕಟ್ಟೆಯ ಮೇಲೆ, ನೆಲದಲ್ಲಿ ಹುದುಗಿಸಿದ ದುಂಡನೆಯ ಕಲ್ಲೊಂದಿದೆ. ಅದರ ಸುತ್ತ ಮೂರು ಓಕ್ ಮರಗಳನ್ನು ನೆಟ್ಟಿದ್ದಾರೆ. ಆ ಕಲ್ಲನ್ನು ನೋಡಲು ಬರುವವರು ವಿರಳ. ಟೈಬರ್ನ್ ಎಂಬ ವಧಾಸ್ಥಾನ ಇದ್ದುದು ಇಲ್ಲಿಯೇ.

ಸುಮಾರು ಆರು ಶತಮಾನಗಳ ಕಾಲ ಲಂಡನ್ನಿನ ಮರಣದಂಡನೆಗಳು ಟೈಬರ್ನಿನಲ್ಲಿ ನಡೆದವು. 1571ರಲ್ಲಿ ಮೂರು ಕಂಬಗಳ ಮೇಲೆ ಮೂರು ತೊಲೆಗಳನ್ನು ತ್ರಿಕೋಣಾಕಾರವಾಗಿ ಜೋಡಿಸಿದ ದೊಡ್ಡ ಗಲ್ಲುಮರವನ್ನು ನಿಲ್ಲಿಸಿದರು. ಅದರಲ್ಲಿ 1649ರ ಒಂದು ದಿನ ಒಟ್ಟಿಗೆ 24 ಜನರನ್ನು ನೇಣು ಹಾಕಿದರು. ನ್ಯೂಗೇಟ್ ಸೆರೆಮನೆಯಿಂದ ಹೊರಟ ಅಪರಾಧಿಗಳ ಬಂಡಿ ಮೂರು ಮೈಲಿ ದೂರವನ್ನು ಜನಜಂಗುಳಿಯ ನಡುವೆ ಕ್ರಮಿಸಿ ಇಲ್ಲಿಗೆ ಬರುತ್ತಿತ್ತು. ಆ ದಿನ ಊರಿಗೆಲ್ಲ ರಜೆ. ನೋಡುವವರಿಗಾಗಿ ಅಟ್ಟಣೆ ಕಟ್ಟಿ ಆಸನಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಕುಣಿಕೆ ಕೊರಳಿಗೆ ಬೀಳುವ ಮುನ್ನ ಅಪರಾಧಿಗೆ ನಾಲ್ಕು ಮಾತನಾಡುವ ಅವಕಾಶವಿತ್ತು. ಅವನು ಪಶ್ಚಾತ್ತಾಪದ ಮಾತನ್ನಾಡಿ ಜನರಿಗೆ ನೀತಿ ಕಲಿಸಲೆಂಬುದು ಅಧಿಕಾರಿಗಳ ಅಪೇಕ್ಷೆ. ಆದರೆ ಕಳೆದುಕೊಳ್ಳಲು ಇನ್ನೇನೂ ಉಳಿಯದವನ ನಾಲಗೆಯನ್ನು ಹಿಡಿಯುವವರು ಯಾರು? ಕೆಲವರು ತಮ್ಮ ನಿರ್ದೋಷವನ್ನು ಸಾರಿದರು, ಕೆಲವರು ಆಳುವವರನ್ನು ನಿಂದಿಸಿದರು. 1581ರಲ್ಲಿ ಇಲ್ಲಿ ಪ್ರಾಣ ತೆತ್ತ ಎಡ್ಮಂಡ್ ಕ್ಯಾಂಪಿಯನ್ನರಂಥ ಕ್ಯಾಥೊಲಿಕ್ ಪಾದ್ರಿಗಳು ತಮ್ಮ ಮತವನ್ನು ಕೊನೆಯವರೆಗೂ ಬಿಡಲಿಲ್ಲ. ಈಗಿನ ಮಾತಿನ ಮೂಲೆಯ ಪರಂಪರೆ ಮೊದಲಾದುದು ಈ ಕೊನೆಯ ಮಾತುಗಳಿಂದಲೇ ಎಂದು ಹೇಳುವವರುಂಟು. ಇಲ್ಲಿ ಕಡೆಯ ಮರಣದಂಡನೆ ನಡೆದುದು 1783ರಲ್ಲಿ.

ಟೈಬರ್ನಿನಲ್ಲಿ ನೇಣಿಗೇರಿದವರಲ್ಲಿ ಹೆಸರು ದಾಖಲಾಗಿರುವ ಮೊದಲಿಗನ ಕಥೆ ಇನ್ನೂ ಗಮನಾರ್ಹವಾದುದು. ಅವನು ಕಳ್ಳನಲ್ಲ, ಕೊಲೆಗಾರನಾಗಿ ಪ್ರಸಿದ್ಧನಾದವನೂ ಅಲ್ಲ. ಅವನು ಒಬ್ಬ ಭಾಷಣಕಾರ. ವಿಲಿಯಂ ಫಿಟ್ಸ್ ಆಸ್ಬರ್ಟ್ ಎಂಬುದು ಅವನ ಹೆಸರು. ನೀಳವಾದ ಗಡ್ಡ ಬಿಟ್ಟಿದ್ದುದರಿಂದ ಜನ ಅವನನ್ನು ಉದ್ದಗಡ್ಡದವನೆಂದೇ ಕರೆಯುತ್ತಿದ್ದರು. ಸೆರೆಯಾಗಿದ್ದ ರಿಚರ್ಡ್ ದೊರೆಯ ಬಿಡುಗಡೆಗಾಗಿ ಹಣ ಕೂಡಿಸಬೇಕಾದ ಕಾಲವದು. ಲಂಡನ್ನಿನ ಧನಿಕರು ತಾವು ತಪ್ಪಿಸಿಕೊಂಡು ತೆರಿಗೆಯ ಹೊರೆಯನ್ನೆಲ್ಲ ಬಡವರ ತಲೆಯ ಮೇಲೆ ಹೊರಿಸುತ್ತಿದ್ದಾರೆಂದು ಅವನು ಸಂತ ಪಾಲರ ದೇವಾಲಯದಲ್ಲಿ ಜನರನ್ನು ಕೂಡಿಸಿ ಸಾರಿದನು. ಸಾವಿರಾರು ಮಂದಿ ಅವನ ಬೆನ್ನಿಗೆ ನಿಂತರು. ಆಡಳಿತ ಹೆದರಿತು. ಹಿಡಿಯಲು ಬಂದವರಿಂದ ತಪ್ಪಿಸಿಕೊಂಡು ಅವನು ಚರ್ಚೊಂದರಲ್ಲಿ ಅಡಗಿದಾಗ ಆ ಚರ್ಚಿಗೇ ಬೆಂಕಿಯಿಟ್ಟು ಅವನನ್ನು ಹೊರಗೆ ತಂದರು. 1196ರಲ್ಲಿ ಅವನನ್ನು ಕುದುರೆಗೆ ಕಟ್ಟಿ ಬೀದಿಯಲ್ಲಿ ಎಳೆದು ತಂದು ಒಂಬತ್ತು ಸಂಗಡಿಗರೊಡನೆ ಟೈಬರ್ನಿನಲ್ಲಿ ನೇಣು ಹಾಕಿದರು. ಬಡಜನ ಅವನನ್ನು ಹುತಾತ್ಮನೆಂದು ಭಾವಿಸಿ, ಅವನು ಸತ್ತ ಸ್ಥಳದ ಮಣ್ಣನ್ನು ಪ್ರಸಾದದಂತೆ ಹಿಡಿಹಿಡಿಯಾಗಿ ಒಯ್ದರಂತೆ. ಒಯ್ದು ಒಯ್ದು ಅಲ್ಲಿ ಒಂದು ಹಳ್ಳವೇ ಬಿದ್ದಿತೆಂದು ಅಂದಿನ ಚರಿತ್ರಕಾರನೊಬ್ಬನು ಬರೆದಿದ್ದಾನೆ.

ಬಿದ್ದುಹೋದ ಬೇಲಿ

ಗಲ್ಲುಮರ ಹೋಯಿತು, ಆದರೆ ಮಾತಿಗೆ ಅಲ್ಲಿ ಸ್ಥಳ ಸಿಕ್ಕಲು ಇನ್ನೂ ಸುಮಾರು ತೊಂಬತ್ತು ವರ್ಷ ಕಾಯಬೇಕಾಯಿತು. 1855ರಲ್ಲಿ ಭಾನುವಾರ ಅಂಗಡಿಗಳನ್ನು ಮುಚ್ಚಿಸುವ ಮಸೂದೆಯೊಂದು ಪಾರ್ಲಿಮೆಂಟಿನ ಮುಂದೆ ಬಂದಿತು. ಶನಿವಾರ ರಾತ್ರಿ ಕೂಲಿ ಪಡೆಯುವ ಕಾರ್ಮಿಕನಿಗೆ ಸಾಮಾನು ಕೊಳ್ಳಲು ಉಳಿದಿದ್ದುದು ಅದೊಂದೇ ದಿನ. ಅದೇ ಭಾನುವಾರ ಶ್ರೀಮಂತರು ಸಾಲಂಕೃತವಾದ ಸಾರೋಟುಗಳಲ್ಲಿ ಕುಳಿತು ಹೈಡ್ ಪಾರ್ಕಿನಲ್ಲಿ ವಿಹರಿಸುತ್ತಿದ್ದರು. ಜನ ಗುಂಪುಗೂಡಿ ಬಂದು ಸಾರೋಟುಗಳ ಎರಡೂ ಬದಿಗೆ ನಿಂತು, ‘ನೀವೂ ಚರ್ಚಿಗೆ ಹೋಗಿ’ ಎಂದು ಕೂಗಿದರು. ಆಗ ಲಂಡನ್ನಿನಲ್ಲಿ ನೆಲೆಸಿದ್ದ ಕಾರ್ಲ್ ಮಾರ್ಕ್ಸ್ ಆ ಗುಂಪಿನಲ್ಲಿದ್ದು, ಕಂಡುದನ್ನು ಜರ್ಮನ್ ಪತ್ರಿಕೆಯೊಂದಕ್ಕೆ ವರದಿ ಮಾಡಿದರು. ಪೊಲೀಸರ ಲಾಠಿಗಳು ಆಡಿದವು. ಆದರೂ ಮಸೂದೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ನಿಜವಾದ ಪರೀಕ್ಷೆ ನಡೆದುದು 1866ರಲ್ಲಿ. ದುಡಿಯುವ ಜನಕ್ಕೂ ಮತದಾನದ ಹಕ್ಕು ಬೇಕೆಂದು ಹೋರಾಡುತ್ತಿದ್ದ ರಿಫಾರ್ಮ್ ಲೀಗ್ ಎಂಬ ಸಂಸ್ಥೆ ಆ ವರ್ಷ ಜುಲೈ 23ರಂದು ಹೈಡ್ ಪಾರ್ಕಿನಲ್ಲಿ ಸಭೆ ಸೇರುವುದಾಗಿ ಸಾರಿತು. ಗೃಹಮಂತ್ರಿ ಸ್ಪೆನ್ಸರ್ ವಾಲ್ಪೋಲ್ ಸಭೆಯನ್ನು ನಿಷೇಧಿಸಿದರು. ಬಾಗಿಲುಗಳಿಗೆ ಬೀಗ ಬಿದ್ದಿತು. ಒಳಗೆ ಪೊಲೀಸರು ಸಾಲುಗಟ್ಟಿದರು. ಲೀಗಿನ ಅಧ್ಯಕ್ಷ ಎಡ್ಮಂಡ್ ಬೀಲ್ಸ್ ಬಾಗಿಲ ಬಳಿಗೆ ಹೋಗಿ ಪ್ರವೇಶ ಕೇಳಿ, ಇಲ್ಲವೆನ್ನಿಸಿಕೊಂಡು, ಒಂದಷ್ಟು ಜನರನ್ನು ಕರೆದುಕೊಂಡು ಟ್ರಫಾಲ್ಗರ್ ಚೌಕಕ್ಕೆ ಹೊರಟರು. ಹಿಂದೆ ಉಳಿದವರು ಪಾರ್ಕ್ ಲೇನ್ ಬದಿಯ ಕಬ್ಬಿಣದ ಬೇಲಿಗೆ ಒರಗಿ ನಿಂತಿದ್ದರು. ಬೇಲಿ ಅಲುಗಾಡಿತು. ಅಲುಗಾಡುವುದೆಂದು ತಿಳಿದ ಮೇಲೆ ಜನ ಹಿಂದೆ ಮುಂದೆ ಜಗ್ಗಿದರು. ಮಾರುದ್ದ ಮಾರುದ್ದ ಬೇಲಿ ಕಿತ್ತು ಬಿದ್ದಿತು. ಜನ ಪ್ರವಾಹದಂತೆ ಒಳನುಗ್ಗಿದರು. ಮೂರು ದಿನ ಗಲಭೆ ನಡೆಯಿತು. ಲೀಗಿನ ಮುಖಂಡರು ಭೇಟಿಗೆ ಹೋದಾಗ ಗೃಹಮಂತ್ರಿಗಳು ಕಣ್ಣೀರಿಟ್ಟರೆಂಬ ವದಂತಿ ಊರೆಲ್ಲ ಹಬ್ಬಿತು. ಆ ದಿನಗಳಲ್ಲಿ ಸುಟ್ಟುಹೋದ ಓಕ್ ಮರವೊಂದರ ಬೊಡ್ಡೆ ಮುಂದೆ ಸಭೆಗಳು ಸೇರುವ ಗುರುತಿನ ಸ್ಥಳವಾಯಿತು. ಸುಧಾರಕರ ಮರವೆಂಬ ಅದರ ನೆನಪಿಗಾಗಿ 2000ದಲ್ಲಿ ಉದ್ಯಾನದ ನೆಲದಲ್ಲಿ ಕಪ್ಪುಬಿಳುಪು ಕಲ್ಲಿನ ಚಿತ್ರವನ್ನು ಹಾಸಿದ್ದಾರೆ.

ಈ ಗಲಭೆಯನ್ನು ಎಲ್ಲ ಸಜ್ಜನರೂ ಮೆಚ್ಚಲಿಲ್ಲ. ಕವಿಯೂ ವಿಮರ್ಶಕನೂ ಆದ ಮ್ಯಾಥ್ಯೂ ಆರ್ನಲ್ಡ್ 1869ರಲ್ಲಿ ಪ್ರಕಟಿಸಿದ ‘ಕಲ್ಚರ್ ಅಂಡ್ ಅನಾರ್ಕಿ’ ಎಂಬ ಗ್ರಂಥದ ಹಿನ್ನೆಲೆಯಲ್ಲಿ ಹೈಡ್ ಪಾರ್ಕಿನ ಈ ಬೇಲಿಯೂ ಇದೆ. ತನಗೆ ತೋಚಿದಂತೆ ನಡೆಯುವುದೇ ಸ್ವಾತಂತ್ರ್ಯವೆಂದು ಜನ ತಿಳಿದರೆ ಸಂಸ್ಕೃತಿಯ ಗತಿಯೇನು ಎಂಬುದು ಆತನ ಚಿಂತೆ. ಅದು ತಳ್ಳಿಹಾಕುವಂಥ ಚಿಂತೆಯಲ್ಲ. ಆದರೆ ಬಾಗಿಲಿಗೆ ಬೀಗ ಹಾಕದಿದ್ದರೆ ಬೇಲಿ ಬೀಳುತ್ತಿತ್ತೇ ಎಂಬ ಪ್ರಶ್ನೆಗೆ ಮುಂದಿನ ವರ್ಷವೇ ಉತ್ತರ ದೊರೆಯಿತು. 1867ರ ಮೇ 6ರಂದು ಲೀಗು ಮತ್ತೆ ಸಭೆ ಕರೆಯಿತು. ಸರಕಾರ ಮತ್ತೆ ನಿಷೇಧದ ಘೋಷಣೆ ಹೊರಡಿಸಿ ಸೈನ್ಯವನ್ನು ಸಜ್ಜುಗೊಳಿಸಿತು. ಆದರೆ ಕಡೆಯ ಗಳಿಗೆಯಲ್ಲಿ ಸುಮ್ಮನೆ ನೋಡುತ್ತ ನಿಂತಿತು. ಹಲವು ವೇದಿಕೆಗಳಿಂದ ಭಾಷಣಗಳಾದವು. ಮಾತು ಮುಗಿದ ಮೇಲೆ ಆ ಮಹಾಜನಸ್ತೋಮ ಶಾಂತವಾಗಿ ಮನೆಗೆ ತೆರಳಿತು. ಕೆಲವೇ ದಿನಗಳಲ್ಲಿ ವಾಲ್ಪೋಲ್ ರಾಜೀನಾಮೆ ಕೊಟ್ಟರು. ಅದೇ ವರ್ಷ ಜಾರಿಗೆ ಬಂದ ಸುಧಾರಣಾ ಶಾಸನದಿಂದ ಮತದಾರರ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. 1872ರ ಉದ್ಯಾನ ಶಾಸನ ಸಭೆಗಳಿಗೆ ಅವಕಾಶ ಕೊಡುವ ಅಧಿಕಾರವನ್ನು ಉದ್ಯಾನದ ಆಡಳಿತಕ್ಕೆ ವಹಿಸಿತು. ಮಾತಿನ ಮೂಲೆ ಹುಟ್ಟಿದುದು ಹೀಗೆ. ಅದನ್ನು ಹಕ್ಕೆಂದು ಬಾಯಿಬಿಟ್ಟು ಹೇಳಲು ಶಾಸನ ಅಂಜಿತು. ಹಕ್ಕಾಗಿ ಮಾಡಿದವರು ವಾರವಾರವೂ ಬಿಡದೆ ಬಂದು ನಿಂತ ಸಾಮಾನ್ಯರು.

ಮಹಿಳೆಯರ ಭಾನುವಾರ

1908ರ ಜೂನ್ 21 ಈ ಉದ್ಯಾನದ ಇತಿಹಾಸದಲ್ಲಿ ಇನ್ನೊಂದು ದೊಡ್ಡ ದಿನ. ಸ್ತ್ರೀಯರಿಗೂ ಮತದಾನದ ಹಕ್ಕು ಬೇಕೆಂದು ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟರ ಸಂಘಟನೆ ಕರೆದ ಆ ಸಭೆಗೆ ನಾಡಿನ ನಾನಾ ಭಾಗಗಳಿಂದ ವಿಶೇಷ ರೈಲುಗಳು ಬಂದವು. ಏಳು ದಿಕ್ಕಿನಿಂದ ಏಳು ಮೆರವಣಿಗೆಗಳು ಹೊರಟವು. ನೇರಿಳೆ, ಬಿಳಿ, ಹಸಿರು ಬಣ್ಣಗಳ ಉಡುಪು ಪಟ್ಟಿಗಳು, ನೂರಾರು ಪತಾಕೆಗಳು. ಉದ್ಯಾನದಲ್ಲಿ 20 ವೇದಿಕೆಗಳಿಂದ ಸ್ತ್ರೀಯರು ಏಕಕಾಲದಲ್ಲಿ ಮಾತನಾಡಿದರು. ಐದು ಗಂಟೆಗೆ ಕಹಳೆ ಮೊಳಗಿದಾಗ ಎಲ್ಲ ವೇದಿಕೆಗಳಲ್ಲಿಯೂ ಒಂದೇ ನಿರ್ಣಯವನ್ನು ಮಂಡಿಸಿದರು. ನೆರೆದವರ ಸಂಖ್ಯೆ ಎರಡೂವರೆ ಲಕ್ಷದಿಂದ ಐದು ಲಕ್ಷದವರೆಗೆ ಇತ್ತೆಂದು ಅಂದಾಜು. ಮನೆಯ ಹೊಸಿಲು ದಾಟಿ ಬೀದಿಯಲ್ಲಿ ನಿಂತು ಮಾತನಾಡುವುದೇ ಹೆಣ್ಣಿಗೆ ಅಪವಾದವಾಗಿದ್ದ ಕಾಲದಲ್ಲಿ, ಕುಹಕಿಗಳ ಕೂಗಾಟದ ನಡುವೆ, ಅವರು ತಮ್ಮ ಮಾತನ್ನು ಮುಗಿಸಿದರು.

ಪ್ರಧಾನಿ ಆಸ್ಕ್ವಿತ್ ಆ ನಿರ್ಣಯಕ್ಕೆ ಮಣಿಯಲಿಲ್ಲ. 1913ರಲ್ಲಿ ಅದೇ ಸಂಘಟನೆ ಹೈಡ್ ಪಾರ್ಕಿನಲ್ಲಿ ಸಭೆ ಸೇರಬಾರದೆಂಬ ಆಜ್ಞೆಯೂ ಹೊರಟಿತು. 30 ವರ್ಷ ದಾಟಿದ ಕೆಲವು ವರ್ಗದ ಸ್ತ್ರೀಯರಿಗೆ ಮತದಾನದ ಹಕ್ಕು ಬಂದುದು 1918ರಲ್ಲಿ. ಪುರುಷರಿಗೆ ಸಮನಾದ ಹಕ್ಕು ಬಂದುದು 1928ರಲ್ಲಿ. ಆ ಭಾನುವಾರದ ಮಾತು ಫಲ ಕೊಡಲು ಇಪ್ಪತ್ತು ವರ್ಷ ಹಿಡಿಯಿತು.

ಮಾತಿನ ಬೆಲೆ

ಎಲ್ಲ ಮಾತೂ ಫಲ ಕೊಡುತ್ತದೆಂದೂ ಹೇಳುವಂತಿಲ್ಲ. 2003ರ ಫೆಬ್ರವರಿ 15ರಂದು ಇರಾಕಿನ ಮೇಲಿನ ಯುದ್ಧವನ್ನು ವಿರೋಧಿಸಿ ಲಂಡನ್ನಿನಲ್ಲಿ ನಡೆದ ಮೆರವಣಿಗೆ ಹೈಡ್ ಪಾರ್ಕಿನಲ್ಲಿ ಕೊನೆಗೊಂಡಿತು. ಹುಲ್ಲು ಹಾಳಾಗುವುದೆಂಬ ಕಾರಣವನ್ನೂ ಮುಂದೊಡ್ಡಿ ಸರಕಾರ ಮೊದಲು ಅನುಮತಿ ನಿರಾಕರಿಸಿತ್ತು. ಜನರ ಅಸಮಾಧಾನ ಕಂಡು ಆಮೇಲೆ ಒಪ್ಪಿತು. ಪೊಲೀಸರ ಲೆಕ್ಕದಂತೆಯೇ ಏಳೂವರೆ ಲಕ್ಷ ಜನ ಸೇರಿದ್ದರು. ಸಂಘಟಕರ ಲೆಕ್ಕ ಇನ್ನೂ ಬಹಳ ಹೆಚ್ಚು. ಆದರೂ ಮಾರ್ಚ್ 20ರಂದು ಯುದ್ಧ ಆರಂಭವಾಯಿತು. ಮಾತನಾಡುವ ಹಕ್ಕು ಬೇರೆ, ಮಾತನ್ನು ಕೇಳಿಸುವ ಬಲ ಬೇರೆ ಎಂಬುದನ್ನು ಆ ವಸಂತದಲ್ಲಿ ಲಂಡನ್ನಿನ ಜನ ಕಂಡುಕೊಂಡರು.

ಹಾಗಾದರೆ ಈ ಮೂಲೆಯಿಂದ ಪ್ರಯೋಜನವೇನು? 1999ರಲ್ಲಿ ಇಂಗ್ಲೆಂಡಿನ ಉಚ್ಚ ನ್ಯಾಯಾಲಯದ ಮುಂದೆ ಬಂದ ಮೊಕದ್ದಮೆಯೊಂದರಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ವೇಕ್‌ಫೀಲ್ಡ್ ಎಂಬ ಊರಿನ ದೇವಾಲಯದ ಮೆಟ್ಟಿಲ ಮೇಲೆ ಮೂವರು ಸ್ತ್ರೀಯರು ಮತಬೋಧೆ ಮಾಡುತ್ತಿದ್ದರು. ಕೇಳುತ್ತಿದ್ದ ಜನ ಕೆರಳಿದರು. ಪೊಲೀಸರು ಕೆರಳಿದವರನ್ನು ಬಿಟ್ಟು ಬೋಧಿಸುವವರನ್ನು ಬಂಧಿಸಿದ್ದರು. ಅದು ತಪ್ಪೆಂದು ತೀರ್ಪಿತ್ತ ನ್ಯಾಯಮೂರ್ತಿ ಸೆಡ್ಲಿಯವರು ಹೈಡ್ ಪಾರ್ಕಿನ ಮೂಲೆಯನ್ನೇ ನಿದರ್ಶನವಾಗಿ ಎತ್ತಿಕೊಂಡರು. ಯಾರಿಗೂ ನೋವಾಗದ ಮಾತಿಗೆ ಮಾತ್ರ ಸ್ವಾತಂತ್ರ್ಯವೆಂದರೆ ಆ ಸ್ವಾತಂತ್ರ್ಯ ಇದ್ದೂ ಇಲ್ಲದಂತೆ. ಕಿರಿಕಿರಿಯ ಮಾತು, ವಿಲಕ್ಷಣ ಮಾತು, ಬೇಡವಾದ ಮಾತು ಇವಕ್ಕೂ, ಹಿಂಸೆಗೆ ದಾರಿಯಾಗದಿರುವವರೆಗೆ, ರಕ್ಷಣೆಯುಂಟು ಎಂಬುದು ಅವರ ತೀರ್ಪಿನ ಸಾರಾಂಶ. ಆ ಮೂಲೆ ಕಲಿಸುವ ಪಾಠ ಭಾಷಣಕಾರನಿಗಿಂತ ಹೆಚ್ಚಾಗಿ ಕೇಳುಗನಿಗೆ. ಒಪ್ಪದ ಮಾತನ್ನು ಕೇಳಿ, ನಕ್ಕು, ಎದುರಾಡಿ, ಕೈಯೆತ್ತದೆ ಮನೆಗೆ ಹೋಗುವ ಅಭ್ಯಾಸ ಒಂದು ದಿನದಲ್ಲಿ ಬರುವಂಥದಲ್ಲ.

ಅದು ಕೆಡಲು ಮಾತ್ರ ಒಂದು ದಿನ ಸಾಕು. 2021ರ ಜುಲೈ 25ರ ಭಾನುವಾರ ಅಲ್ಲಿ ನಿಂತಿದ್ದ ಮಹಿಳೆಯೊಬ್ಬರ ಮೇಲೆ ಚಾಕುವಿನ ಹಲ್ಲೆ ನಡೆಯಿತು. ಆಕೆ ಬದುಕಿ ಉಳಿದರು. ಸಾಬೂನಿನ ಪೆಟ್ಟಿಗೆಯ ಕಾಲದಲ್ಲಿ ಹಿಂದಿನ ಸಾಲಿನವನು ನಗುವನ್ನು ಎಸೆಯುತ್ತಿದ್ದನು. ಈಗ ಹಲವು ಗುಂಪುಗಳಲ್ಲಿ ಕೈಗೊಂದು ಫೋನು ಎತ್ತರಕ್ಕೆ ಏರಿರುತ್ತದೆ. ಎದುರಿಗಿರುವ ಹತ್ತು ಜನಕ್ಕಿಂತ ಎಲ್ಲಿಯೋ ಇರುವ ಸಾವಿರಾರು ಜನಕ್ಕಾಗಿ ಮಾತು ಹರಿತವಾಗುತ್ತದೆ. ಹಳಬರು ಇದನ್ನು ಕಂಡು ನೊಂದುಕೊಳ್ಳುವುದುಂಟು.

ಮಾತಿಗೆಂದು ಒಂದು ಮೂಲೆಯನ್ನು ಬಿಟ್ಟುಕೊಡುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಸಿಂಗಪುರದ ಸರಕಾರ 2000ದಲ್ಲಿ ಹಾಂಗ್ ಲಿಮ್ ಪಾರ್ಕಿನಲ್ಲಿ ಇದೇ ಹೆಸರಿನ ಮೂಲೆಯೊಂದನ್ನು ತೆರೆಯಿತು. ಆದರೆ ಅಲ್ಲಿ ಮಾತನಾಡುವವರು ಮೊದಲು ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕಾಗಿತ್ತು. ಬೆಂಗಳೂರಿನಲ್ಲಿ 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿಟ್ಟಿದ್ದ ಹಳೆಯ ಕೇಂದ್ರ ಕಾರಾಗೃಹವೇ 2008ರಲ್ಲಿ ‘ಫ್ರೀಡಂ ಪಾರ್ಕ್’ ಆಯಿತು. ಮಾತಾಡಿದವರನ್ನು ಕೂಡಿಹಾಕಿದ್ದ ನೆಲ ಮಾತಾಡುವವರ ನೆಲವಾದುದು ಟೈಬರ್ನಿನ ಕಥೆಯನ್ನೇ ನೆನಪಿಗೆ ತರುತ್ತದೆ. ಆದರೆ ನಗರದ ಪ್ರತಿಭಟನೆಗಳೆಲ್ಲ ಆ ಆವರಣದೊಳಗೇ ನಡೆಯಬೇಕೆಂದು 2021ರಲ್ಲಿ ಆದೇಶವಾದಾಗ ಹಲವರು ಆಕ್ಷೇಪಿಸಿದರು. ಮೂಲೆ ಎಂಬುದು ಮಾತಿಗೆ ಮನೆಯಾಗಬೇಕೇ ಹೊರತು ಪಂಜರವಾಗಬಾರದೆಂಬುದು ಅವರ ಅಭಿಪ್ರಾಯ.

ಥೇಮ್ಸ್ ದಂಡೆಯಲ್ಲಿ ಕಲ್ಯಾಣದ ನೆನಪು

ಲಂಡನ್ನಿಗೆ ಹೋದ ಕನ್ನಡಿಗರು ಹೈಡ್ ಪಾರ್ಕನ್ನು ನೋಡಿದ ದಿನವೇ ಇನ್ನೊಂದು ಸ್ಥಳಕ್ಕೂ ಹೋಗಿ ಬರುವುದು ಉಚಿತ. ಥೇಮ್ಸ್ ನದಿಯ ಆಚೆಯ ದಂಡೆಯಲ್ಲಿ, ಪಾರ್ಲಿಮೆಂಟ್ ಇರುವ ದಂಡೆಗೆ ಎದುರಾಗಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ಹೊಳೆಬದಿಯ ತೋಟದಲ್ಲಿ ಬಸವೇಶ್ವರರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದರು.

ಉದ್ದಗಡ್ಡದ ವಿಲಿಯಮನು ಲಂಡನ್ನಿನಲ್ಲಿ ಬಡವರ ಪರವಾಗಿ ಮಾತನಾಡಿದ ಶತಮಾನವೇ ಬಸವಣ್ಣನವರದೂ ಆಗಿದೆ. ಕಲ್ಯಾಣದ ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ದೋಣಿ ನಡೆಸುವ ಚೌಡಯ್ಯ, ಬಟ್ಟೆ ಮಡಿಮಾಡುವ ಮಾಚಯ್ಯ, ಚರ್ಮದ ಕೆಲಸದ ಕಕ್ಕಯ್ಯ ಇವರೆಲ್ಲ ಸಮಾನರಾಗಿ ಕುಳಿತು ವಾದಿಸಿದರೆಂದು ಪರಂಪರೆ ಹೇಳುತ್ತದೆ. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರುವಂತೆ ನೇರವಾಗಿ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಮಾತಿಗೂ ಅಲ್ಲಿ ಬೆಲೆಯಿತ್ತು. ಅಕ್ಕಮಹಾದೇವಿಯನ್ನು ಪ್ರಭುಗಳು ಕಠಿಣವಾದ ಪ್ರಶ್ನೆಗಳಿಂದ ಪರೀಕ್ಷಿಸಿದರು. ಆಕೆ ತುಂಬಿದ ಸಭೆಯಲ್ಲಿ ಅಳುಕದೆ ಉತ್ತರವಿತ್ತಳು. ಆ ಜನರ ಮಾತುಗಳಿಗೆ ‘ವಚನ’ವೆಂಬ ಹೆಸರು ನಿಂತಿತು. ಕನ್ನಡದಲ್ಲಿ ವಚನವೆಂದರೆ ಆಡಿದ ಮಾತು. ಕೊಟ್ಟ ಮಾತೂ ಹೌದು.

ಆ ಮಾತಿಗೂ ಬೆಲೆ ತೆರಬೇಕಾಯಿತು. ಕುಲವನ್ನು ಮೀರಿ ತಮ್ಮ ಮಕ್ಕಳ ವಿವಾಹ ನಡೆಸಿದ ಹರಳಯ್ಯ ಮಧುವರಸರಿಗೆ ಬಿಜ್ಜಳನ ಆಳ್ವಿಕೆಯಲ್ಲಿ ಎಳೆಹೂಟೆಯ ಶಿಕ್ಷೆಯಾಯಿತೆಂದು ಶರಣರ ಚರಿತ್ರೆಗಳು ಹೇಳುತ್ತವೆ. ಕಲ್ಯಾಣದ ಬೀದಿಯಲ್ಲಿ ಅವರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಕೆಲವೇ ದಶಕಗಳ ಬಳಿಕ ಲಂಡನ್ನಿನ ಬೀದಿಯಲ್ಲಿ ವಿಲಿಯಮನನ್ನು ಕುದುರೆಗೆ ಕಟ್ಟಿ ಎಳೆದರು. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲಾರರು.

ಆದ್ದರಿಂದ ಲಂಡನ್ನಿಗೆ ಹೋಗುವ ಕುಟುಂಬಗಳು ಒಂದು ಭಾನುವಾರವನ್ನು ಇದಕ್ಕಾಗಿ ತೆಗೆದಿರಿಸುವುದು ಲೇಸು. ಮಧ್ಯಾಹ್ನ ಮಾತಿನ ಮೂಲೆಯಲ್ಲಿ ಒಂದು ಗಂಟೆ ನಿಂತು, ಮಕ್ಕಳಿಗೆ ಬೇಸರವಾಗುವ ಮುನ್ನ ಸರೋವರದ ಹಂಸಗಳನ್ನು ತೋರಿಸಿ, ಸಂಜೆಯ ಹೊತ್ತಿಗೆ ನದಿಯ ದಂಡೆಗೆ ಹೋಗಬಹುದು. ದಾರಿಯಲ್ಲಿ ವಾಹನಗಳ ನಡುವಿನ ಆ ದುಂಡನೆಯ ಕಲ್ಲನ್ನು ಮಾತ್ರ ಮರೆಯಬಾರದು. ಹೈಡ್ ಪಾರ್ಕಿನಲ್ಲಿ ಏಣಿಯ ಮೇಲೆ ನಿಂತು ಹಗುರವಾಗಿ ಮಾತನಾಡುವವನ ಕಾಲ ಕೆಳಗಿನ ನೆಲ ಎಷ್ಟು ದುಬಾರಿಯದೆಂದು ಹೇಳಲು ಅಲ್ಲಿ ಉಳಿದಿರುವುದು ಆ ಕಲ್ಲೊಂದೇ.